ಕಾರ್ಟಿಕೋಸ್ಟೆರೋನ್: ಸಂತೆ ಹ್ಯಾಟೆ ಮೊಟ್ಟೆ ನಿಲ್ಲಿಸಿದ್ದೇಕೆ?

ಬೇಲೂರಿನ ಸಂತೆಯಿಂದ ಮಾವ ಒಂದು ಹ್ಯಾಟೆ ತಂದರು. ಕಾಲು ಕಟ್ಟಿ, ತಲೆಕೆಳಗಾಗಿ ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ. ‘ಮೊಟ್ಟೆ ಇಕ್ತಿರೋ ಹ್ಯಾಟೆ’ ಅಂತ ಮಾರಿದವನು ಹೇಳಿದ್ದನಂತೆ. ಮರುದಿನ ಒಂದು ಮೊಟ್ಟೆ ಇಟ್ಟಿತು, ಆಮೇಲೆ ಎರಡು ವಾರ ಏನೂ ಇಲ್ಲ. ‘ಮೋಸ ಮಾಡ್ದ’ ಅಂತ ಅತ್ತೆ ಬೈದದ್ದೇ ಬೈದದ್ದು. ಮಾರಿದವನ ಪರ ವಾದಿಸಲು ನನಗೆ ಸಿಕ್ಕ ಪದ ಕಾರ್ಟಿಕೋಸ್ಟೆರೋನ್.

ನಮಗೆ ಒತ್ತಡವಾದಾಗ ಮುಖ್ಯವಾಗಿ ಏರುವುದು ಕಾರ್ಟಿಸೋಲ್ ಎಂಬ ಹಾರ್ಮೋನು. ಕೋಳಿಯಲ್ಲಿ ಆ ಕೆಲಸ ಕಾರ್ಟಿಕೋಸ್ಟೆರೋನಿನದು. ನಾಯಿ ಅಟ್ಟಿಸಿಕೊಂಡು ಬಂದರೆ ಅಡ್ರಿನಲಿನ್ ಕ್ಷಣದಲ್ಲೇ ನುಗ್ಗುತ್ತದೆ, ಇದು ನಿಮಿಷಗಳಲ್ಲಿ. ಮಿದುಳಿನ ಹೈಪೋಥಲಾಮಸ್ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸಿದ ಮೇಲೆ ಅದು ರಕ್ತಕ್ಕಿಳಿಯುತ್ತದೆ. ಸ್ನಾಯುವಿನ ಪ್ರೋಟೀನು ಕರಗಿಸಿಯಾದರೂ ಸಕ್ಕರೆ ಒದಗಿಸುತ್ತದೆ. ಮೊದಲು ಜೀವ, ಆಮೇಲೆ ಮೊಟ್ಟೆ.

ಹಾಗಂತ ಇದನ್ನು ಮೊಟ್ಟೆಯ ವೈರಿ ಅನ್ನಲಾಗದು. ಆರಾಮಾಗಿರುವ ಕೋಳಿಯಲ್ಲೂ ಮೊಟ್ಟೆ ಇಡುವ ಹೊತ್ತಿಗೆ ಇದು ಒಮ್ಮೆ ಏರಿ ಇಳಿಯುತ್ತದೆ. ತೊಂದರೆಯಾಗುವುದು ಇಳಿಯದೇ ನಿಂತಾಗ. ಆಗ ಪಿಟ್ಯುಟರಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಬರುವುದು ಕುಗ್ಗುತ್ತದೆ. ಹಣ್ಣಾದ ಭಂಡಾರ, ಅಂದರೆ ಮೊಟ್ಟೆಯ ಹಳದಿ, ಅಂಡಾಶಯದಿಂದ ಕಳಚಬೇಕಾದರೆ ಅದಕ್ಕೆ 4ರಿಂದ 6 ಗಂಟೆ ಮೊದಲು ಎಲ್‌ಎಚ್ ಉಕ್ಕಲೇಬೇಕು.

ಮರುದಿನ ಮೊಟ್ಟೆ ಇಟ್ಟಿತಲ್ಲ, ಅದು ಹೇಗೆ? ಮನೆಯಲ್ಲಿ ಹ್ಯಾಟೆ ಕೊಯ್ದವರು ಒಳಗಿನ ಹಳದಿ ಗೊಂಚಲು ನೋಡಿರುತ್ತಾರೆ: ದೊಡ್ಡದು, ಅದಕ್ಕಿಂತ ಚಿಕ್ಕದು, ಸಾಸಿವೆಯಷ್ಟು. ಸಾರಿನಲ್ಲಿ ಅದಕ್ಕಾಗಿ ಮಕ್ಕಳ ಜಗಳವೂ ಆಗಿರುತ್ತದೆ. ಒಂದೊಂದು ಭಂಡಾರವೂ ದಪ್ಪಗಾಗಲು ಸುಮಾರು 7ರಿಂದ 10 ದಿನ ಬೇಕು. ಕಳಚಿದ ಮೇಲೆ ಬಿಳಿಭಾಗ, ಚಿಪ್ಪು ಸೇರಿ ಹೊರಬರಲು 25 ಗಂಟೆಯ ಆಸುಪಾಸು, ಅದರಲ್ಲಿ 20 ಗಂಟೆ ಚಿಪ್ಪಿಗೇ. ಹ್ಯಾಂಡಲ್ಲಿನಲ್ಲಿ ನೇತಾಡುವಾಗಲೇ ಒಂದು ಮೊಟ್ಟೆ ದಾರಿಯಲ್ಲಿತ್ತು, ಅದು ಬಂತು. ಹಿಂದೆ ಸಾಲುಗಟ್ಟಿದ್ದವು ಬತ್ತಿ ದೇಹಕ್ಕೇ ಮರಳಿರಬೇಕು. ಹೊಸ ಊರು, ಹೊಸ ಗೂಡು, ಹಳೇ ಕೋಳಿಗಳ ಕುಕ್ಕಾಟ ಎಲ್ಲ ಮುಗಿದು ಹೊಸ ಸಾಲು ದಪ್ಪಗಾಗಬೇಕಲ್ಲ, ಎರಡು ವಾರ ಹೆಚ್ಚೇನಲ್ಲ.

ಬೆದರಿದ ಕೋಳಿ ಕೆಲವೊಮ್ಮೆ ಸಿದ್ಧವಾದ ಮೊಟ್ಟೆಯನ್ನೂ ಒಳಗೇ ಹಿಡಿದುಕೊಳ್ಳುತ್ತದೆ. ಆಗ ಕಂದು ಚಿಪ್ಪಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ ಕೂರುತ್ತದೆ.

ಎಲ್ಲ ನಿಲುಗಡೆಗೂ ಇದೊಂದೇ ಕಾರಣವಲ್ಲ. ಕಾವಿಗೆ ಕೂತ ಹ್ಯಾಟೆಯದು ಪ್ರೊಲ್ಯಾಕ್ಟಿನ್ ಎಂಬ ಬೇರೆಯೇ ಹಾರ್ಮೋನು. ಮೂಡಿಗೆರೆ, ಸಕಲೇಶಪುರದ ಕಡೆ ಆಷಾಢದ ಮಬ್ಬಿನಲ್ಲಿ ಬೆಳಕು ಸಾಲದೆಯೂ ಮೊಟ್ಟೆ ಕಡಿಮೆಯಾಗಬಹುದು. ಅರಸೀಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಬಾಯಿ ತೆರೆದು ಏದುವ ಕೋಳಿಯ ಚಿಪ್ಪು ತೆಳುವಾಗುವುದಕ್ಕೆ ಆ ಏದುಸಿರೇ ಕಾರಣ: ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೋಗಿಬಿಟ್ಟರೆ ಚಿಪ್ಪಿಗೆ ಬೇಕಾದ ಕಾರ್ಬೊನೇಟು ಸಾಲುವುದಿಲ್ಲ.

ಇಷ್ಟನ್ನೂ ಅತ್ತೆಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಅಂಗಾದ್ರೆ ಮೋಸ ಮಾಡಿದ್ದು ನಿಮ್ಮಾವ ಅನ್ನು’ ಅಂದರು.