ಪೇಜ್‌ಮೇಕರ್ ಇರುವ ಹಳೆಯ ಎಕ್ಸ್‌ಪಿ ಹೊಸ ಲ್ಯಾಪ್‌ಟಾಪಿಗೆ ಸುಲಭಕ್ಕೆ ಯಾಕೆ ಬರುವುದಿಲ್ಲ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕೆಲವು ಡಿಟಿಪಿ ಅಂಗಡಿಗಳಲ್ಲಿ ಹೊಸ ಕಂಪ್ಯೂಟರಿನ ಒಳಗೆ ಹಳೆಯದೊಂದು ಕಂಪ್ಯೂಟರು ಓಡುತ್ತಿರುತ್ತದೆ. ವಿಂಡೋಸ್ 11ರ ಪರದೆಯ ಮೇಲೊಂದು ಕಿಟಕಿ, ಅದರೊಳಗೆ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ, ಅದರ ಮೇಲೆ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್, ಪೇಜ್‌ಮೇಕರಿನಲ್ಲಿ ಯಾವುದೋ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ. ಇದು ಹಳೆಯದರ ಮೇಲಿನ ಪ್ರೀತಿಯಿಂದ ಆದದ್ದಲ್ಲ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಭಜನಾ ಮಂದಿರದ ರಶೀದಿ ಪುಸ್ತಕ, ಸಹಕಾರಿ ಸಂಘದ ವಾರ್ಷಿಕ ವರದಿ, ಇವೆಲ್ಲ ಎಲ್ಲ ಕಂಪ್ಯೂಟರಿಗೂ ಅಕ್ಷರಕ್ಕೊಂದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳಲ್ಲಿ ಕೂತಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಎಪ್ರಿಲ್ 8ಕ್ಕೆ ಕೈಬಿಟ್ಟಿತು. ಕಳೆದ ವರ್ಷದ ಆಮಂತ್ರಣವನ್ನೇ ತೆಗೆದು ತಾರೀಕು, ತಂತ್ರಿಗಳ ಹೆಸರು ಬದಲಿಸಿ ಕೊಡಬೇಕಾದ ಅಂಗಡಿಗೆ ವರ್ಚುವಲ್ ಮೆಷಿನ್, ಅಂದರೆ ತಂತ್ರಾಂಶವೇ ಕಟ್ಟಿಕೊಡುವ ಕಂಪ್ಯೂಟರಿನೊಳಗಿನ ಕಂಪ್ಯೂಟರು, ಬಿಟ್ಟರೆ ಬೇರೆ ದಾರಿ ಕಡಿಮೆ. (ತಮಾಷೆಯೆಂದರೆ, ಅಲ್ಲಿ ಕೀಬೋರ್ಡಿನ ಮುಂದೆ ಕೂರುವ ಹುಡುಗ ಹುಡುಗಿಯರು ಕೇರಳದ ಶಾಲೆಗಳಲ್ಲಿ ಲಿನಕ್ಸ್ ಕಲಿತು ಬಂದವರು. ಎಕ್ಸ್‌ಪಿಯನ್ನು ಮೊದಲು ನೋಡುವುದೇ ಅಂಗಡಿಗೆ ಬಂದ ಮೇಲೆ.)

ತೊಡಕು ಬರುವುದು ಆ ಹೊಸ ಕಂಪ್ಯೂಟರೂ ಹಳತಾದಾಗ, ಅಥವಾ ಎಪ್ರಿಲ್-ಮೇ ತಿಂಗಳ ಸಿಡಿಲಿಗೆ ಮದರ್‌ಬೋರ್ಡು ಹೋದಾಗ. "ಆ ವರ್ಚುವಲ್ ಮೆಷಿನ್ ಒಂದು ಫೈಲು ತಾನೆ, ಕಾಪಿ ಮಾಡಿದರಾಯಿತು" ಎನ್ನುತ್ತಾರೆ. ಫೈಲು ಹೌದು. ಆದರೆ ಆ ಫೈಲಿಗೆ ಹುಟ್ಟಿದ ಯಂತ್ರದೊಂದಿಗೆ ನಾಲ್ಕೈದು ನಂಟುಗಳಿರುತ್ತವೆ. ಕಳೆದ ಕಾಲು ಶತಮಾನದಲ್ಲಿ ಎಂಜಿನಿಯರುಗಳು ಅವನ್ನು ಒಂದೊಂದಾಗಿ ಕಡಿಯುತ್ತ ಬಂದಿದ್ದಾರೆ, ಎಲ್ಲವನ್ನೂ ಕಡಿದು ಮುಗಿಸಿಲ್ಲ.

ವರ್ಚುವಲ್ ಮೆಷಿನನ್ನು ಮೊದಲು ಕಟ್ಟಿದ ಐಬಿಎಂನವರಿಗೆ ಸಾಗಿಸುವ ಯೋಚನೆಯೇ ಇರಲಿಲ್ಲ. 1960ರ ದಶಕದಲ್ಲಿ ಕೋಣೆ ತುಂಬುವ ಒಂದು ಕಂಪ್ಯೂಟರನ್ನು ಹಲವರು ಹಂಚಿಕೊಳ್ಳಬೇಕಿತ್ತು. ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಎನ್ನಿಸಬೇಕಿತ್ತು. ಆ ಕೆಲಸ ಬೆಳೆದು 1972ರಲ್ಲಿ ವಿಎಂ/370 ಎಂಬ ತಂತ್ರಾಂಶ ಆಯಿತು. ಯಾವ ಬಗೆಯ ಪ್ರೊಸೆಸರಿನ ಮೇಲೆ ಇದು ಸಾಧ್ಯ ಎಂದು 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು. ನಮ್ಮ ಮೇಜಿನ ಮೇಲಿನ ಪಿಸಿಯ ಅಂದಿನ ಪ್ರೊಸೆಸರ್ ಆ ಪರೀಕ್ಷೆಯಲ್ಲಿ ಫೇಲಾಗಿತ್ತು: ಪೆಂಟಿಯಮ್ಮಿನ 17 ಆದೇಶಗಳು ಆ ನಿಯಮಕ್ಕೆ ಒಗ್ಗುತ್ತಿರಲಿಲ್ಲ. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಅಂಥ ಆದೇಶಗಳನ್ನು ಓಡುವಾಗಲೇ ತಿದ್ದಿ ಬರೆಯುವ ಉಪಾಯದಿಂದ ಮರುವರ್ಷ ವರ್ಕ್‌ಸ್ಟೇಷನ್ ಹೊರತಂದಿತು. ನಮಗೆ ಮುಖ್ಯವಾದದ್ದು ಅದರ ಇನ್ನೊಂದು ಗುಣ. ಇಡೀ ಹಾರ್ಡ್‌ಡಿಸ್ಕು ಒಂದು ಫೈಲು, ಯಂತ್ರದ ವಿವರ ಇನ್ನೊಂದು ಪುಟ್ಟ ಫೈಲು. ಎರಡನ್ನೂ ಒಯ್ದರೆ ಕಂಪ್ಯೂಟರನ್ನೇ ಒಯ್ದ ಹಾಗೆ, ಎಂಬ ಮಾತು ಶುರುವಾದದ್ದು ಅಲ್ಲಿಂದ.

ಮೊದಲ ತಕರಾರು ಫೈಲಿನ ರೂಪದ್ದು. ವಿಎಂವೇರಿನದು ವಿಎಂಡಿಕೆ, ಕನೆಕ್ಟಿಕ್ಸ್‌ನಿಂದ 2003ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ವರ್ಚುವಲ್ ಪಿಸಿಯದು ವಿಎಚ್‌ಡಿ, 2007ರಲ್ಲಿ ಬಂದ ವರ್ಚುವಲ್‌ಬಾಕ್ಸಿನದು ವಿಡಿಐ. ಇವುಗಳ ನಡುವೆ ಒಂದನ್ನು ಇನ್ನೊಂದಕ್ಕೆ ಬದಲಿಸಲು ಕ್ಯೂಎಮು ಎಂಬ ಇನ್ನೊಂದು ವರ್ಚುವಲ್ ಮೆಷಿನ್ ತಂತ್ರಾಂಶದ ಜೊತೆಗೆ ಬರುವ ಕ್ಯೂಎಮು-ಇಮೇಜ್ ಎಂಬ ಸಣ್ಣ ಸಲಕರಣೆ ಇವತ್ತಿಗೂ ಎಲ್ಲಕ್ಕಿಂತ ನಂಬಿಕಸ್ತ. 2007ರಲ್ಲಿ ಡೆಲ್, ಎಚ್‌ಪಿ, ಐಬಿಎಂ, ಮೈಕ್ರೋಸಾಫ್ಟ್, ವಿಎಂವೇರ್, ಕ್ಸೆನ್‌ಸೋರ್ಸ್ ಸೇರಿ ಓವಿಎಫ್ ಎಂಬ ಸಾಮಾನ್ಯ ರೂಪವನ್ನು ಮುಂದಿಟ್ಟವು. ವರ್ಚುವಲ್‌ಬಾಕ್ಸಿನಲ್ಲಿ 'ಎಕ್ಸ್‌ಪೋರ್ಟ್ ಅಪ್ಲಯನ್ಸ್' ಒತ್ತಿದರೆ ಬರುವ ಓವಿಎ ಫೈಲು ಅದರದೇ ಒಂದು ಕಟ್ಟು. ಅದರಲ್ಲಿ ಈಗಿನ ಸ್ಥಿತಿ ಮಾತ್ರ ಹೋಗುತ್ತದೆ, ಹಿಂದೆ ತೆಗೆದಿಟ್ಟ ಸ್ನ್ಯಾಪ್‌ಶಾಟುಗಳು (ಆಯಾ ಹೊತ್ತಿನ ಸ್ಥಿತಿಯ ದಾಖಲೆಗಳು) ಹೋಗುವುದಿಲ್ಲ. ಹಾಗೆಂದು ಎಕ್ಸ್‌ಪೋರ್ಟ್ ಬಿಟ್ಟು ದೊಡ್ಡ ಡಿಸ್ಕ್ ಫೈಲೊಂದನ್ನೇ ಕಾಪಿ ಮಾಡಿದರೆ ಇನ್ನೂ ಕಷ್ಟ. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಮಾಡಿದ ಕೆಲಸವೆಲ್ಲ ಬೇರೆ ಫೈಲಿನಲ್ಲಿರುತ್ತದೆ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಎರಡು ವರ್ಷ ಹಿಂದಿನ ಡೆಸ್ಕ್‌ಟಾಪು ಕಾಣಿಸಿಕೊಳ್ಳುತ್ತದೆ.

ಪೆನ್‌ಡ್ರೈವಿನದು ಇನ್ನೊಂದು ರಗಳೆ. ಫ್ಯಾಟ್32 ರೂಪದ ಪೆನ್‌ಡ್ರೈವಿಗೆ 4 ಜಿಬಿ ಮೀರಿದ ಒಂದೇ ಫೈಲು ಹಿಡಿಸುವುದಿಲ್ಲ, 64 ಜಿಬಿ ಜಾಗ ಖಾಲಿ ಇದ್ದರೂ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದರೆ ಮುಗಿಯಿತು.

ದೊಡ್ಡ ಕಂಪನಿಗಳ ಲೋಕದಲ್ಲಿ ಇದೆಲ್ಲ 2003ರಲ್ಲೇ ಬೇರೆ ಹಂತ ಮುಟ್ಟಿತ್ತು. ಆ ವರ್ಷ ವಿಎಂವೇರಿನ ವಿಮೋಷನ್ ಎಂಬ ಸವಲತ್ತು ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆಯೇ ಇನ್ನೊಂದು ಸರ್ವರಿಗೆ ದಾಟಿಸಿತು. ಆಟ ನಡೆಯುತ್ತಿರುವಾಗಲೇ ರಂಗಸ್ಥಳವನ್ನು ಇನ್ನೊಂದು ಗದ್ದೆಗೆ ಸಾಗಿಸಿದ ಹಾಗೆ, ಭಾಗವತರ ಪದ್ಯ ಕಡಿಯದಂತೆ. ಗುಟ್ಟು ಇಷ್ಟು: ಮೆಮೊರಿಯನ್ನೆಲ್ಲ ಮೊದಲು ಕಾಪಿ ಮಾಡುವುದು, ಅಷ್ಟರಲ್ಲಿ ಬದಲಾದ ಪುಟಗಳನ್ನು ಮತ್ತೆ ಕಾಪಿ ಮಾಡುವುದು, ಉಳಿದದ್ದು ತೀರ ಕಡಿಮೆಯಾದಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲಿಸಿ ದಾಟಿಸಿಬಿಡುವುದು. 2005ರಲ್ಲಿ ಕ್ಸೆನ್ ಎಂಬ ಇಂಥದೇ ತಂತ್ರಾಂಶದ ತಂಡದವರು ಜನ ಆಡುತ್ತಿದ್ದ ಕ್ವೇಕ್ 3 ಗೇಮಿನ ಸರ್ವರನ್ನೇ ಹೀಗೆ ಸಾಗಿಸಿದರು, ನಿಂತದ್ದು ಸುಮಾರು 60 ಮಿಲಿಸೆಕೆಂಡು. ಆದರೆ ಆ ಏರ್ಪಾಟಿನಲ್ಲಿ ಎರಡೂ ಸರ್ವರುಗಳಿಗೆ ಡಿಸ್ಕು ನೆಟ್‌ವರ್ಕಿನಲ್ಲಿ ಒಂದೇ, ಪ್ರೊಸೆಸರೂ ಒಂದೇ ಕುಲದ್ದಿರಬೇಕು. ಪೆರ್ಲದ ಅಂಗಡಿಗೆ ಇದರಿಂದ ಬಂದ ಪ್ರಯೋಜನ ಏನೂ ಇಲ್ಲ ಎಂದೇ ನನ್ನ ಲೆಕ್ಕ.

ಅಂಗಡಿಯವರು ಮುಗ್ಗರಿಸುವುದು ಎಕ್ಸ್‌ಪಿಯ ಸ್ವಂತ ನೆನಪಿನಲ್ಲಿ. ಅದು ಇನ್‌ಸ್ಟಾಲ್ ಆದಾಗ ಕಂಡ ಡಿಸ್ಕ್ ಕಂಟ್ರೋಲರನ್ನೇ ನೆಚ್ಚಿಕೊಂಡಿರುತ್ತದೆ. ಹಳೆಯ ಬಗೆಯ ಐಡಿಇ ಕಂಟ್ರೋಲರ್ ಇದ್ದ ಕಡೆ ಹೊಸ ಬಗೆಯ ಸಾಟಾ ಕೊಟ್ಟರೆ 7ಬಿ ಎಂಬ ಸಂಖ್ಯೆಯ ನೀಲಿ ಪರದೆ. ಹೊಸ ಕಡೆಯ ಸೆಟ್ಟಿಂಗ್‌ನಲ್ಲಿ ಮತ್ತೆ ಐಡಿಇ ಆರಿಸಿದರೆ ಸಾಮಾನ್ಯವಾಗಿ ಎದ್ದು ಕೂರುತ್ತದೆ. ವಿಎಂವೇರಿನಲ್ಲಿ ತೆರೆದಾಗ "ಸ್ಥಳಾಂತರಿಸಿದ್ದೋ, ಕಾಪಿ ಮಾಡಿದ್ದೋ" ಎಂಬ ಪ್ರಶ್ನೆ ಬರುತ್ತದೆ. ಜನ ಓದದೆ ಎರಡನೆಯದನ್ನು ಒತ್ತುತ್ತಾರೆ. ಆಗ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ ಬದಲಾಗುತ್ತದೆ, ಅದನ್ನು ನೋಡಿ ಲೈಸೆನ್ಸ್ ಕೊಡುವ ತಂತ್ರಾಂಶ ಸಿಟ್ಟಾಗುತ್ತದೆ. ಭಾರತೀಯ ಭಾಷೆಗಳ ಕೆಲವು ಹಳೆಯ ತಂತ್ರಾಂಶಗಳಿಗಂತೂ ಡಾಂಗಲ್ (ಲೈಸೆನ್ಸಿನ ಪುಟ್ಟ ಕೀಲಿ) ಚುಚ್ಚಿರಲೇಬೇಕು. ಯುಎಸ್‌ಬಿ ಡಾಂಗಲನ್ನು ಒಳಗಿನ ಯಂತ್ರಕ್ಕೆ ಬಿಟ್ಟುಕೊಡಬಹುದು. ಪ್ರಿಂಟರ್ ಪೋರ್ಟಿನ ಕಾಲದ್ದಾದರೆ ಹೊಸ ಲ್ಯಾಪ್‌ಟಾಪಿನಲ್ಲಿ ಚುಚ್ಚಲು ತೂತೇ ಇಲ್ಲ.

ಇನ್ನೊಂದು ಅಭ್ಯಾಸ: ಸಂಜೆ ಅಂಗಡಿ ಮುಚ್ಚುವಾಗ ಎಕ್ಸ್‌ಪಿಯನ್ನು ಶಟ್‌ಡೌನ್ ಮಾಡದೆ 'ಸೇವ್ ಸ್ಟೇಟ್' ಮಾಡಿ ಹೋಗುವುದು. ಹಾಗೆ ಉಳಿಸಿದ ಸ್ಥಿತಿಯಲ್ಲಿ ಪ್ರೊಸೆಸರಿನ ಜಾತಕವೂ ಸೇರಿರುತ್ತದೆ. ಇಂಟೆಲ್‌ನಲ್ಲಿ ಮಲಗಿಸಿದ್ದನ್ನು ಎಎಂಡಿಯಲ್ಲಿ ಎಬ್ಬಿಸಲು ಹೋದರೆ ಕೆಲಸ ಕೆಡುತ್ತದೆ. ಸಾಗಿಸುವ ಮುಂಚೆ ಒಳಗಿನಿಂದಲೇ ಪೂರ್ತಿ ಶಟ್‌ಡೌನ್ ಮಾಡಿ, ಬೇಡದ ಸ್ನ್ಯಾಪ್‌ಶಾಟ್ ಅಳಿಸಿ ಒಂದಾಗಿಸಿ, ಡಿಸ್ಕಿನ ಜೊತೆ ವಿವರದ ಫೈಲನ್ನೂ, ಅಂದರೆ ಇಡೀ ಫೋಲ್ಡರನ್ನೇ ಒಯ್ಯಬೇಕು.

ಪ್ರೊಸೆಸರಿನ ನಂಟು ಮಾತ್ರ ಈಗ ಮತ್ತೆ ಬಿಗಿಯಾಗಿದೆ. 2020ರ ನವೆಂಬರಿನಲ್ಲಿ ಆಪಲ್ ಎಂ1 ಚಿಪ್ಪಿನ ಮ್ಯಾಕ್ ಮಾರಿತು. ಅದು ಇಂಟೆಲ್, ಎಎಂಡಿಗಳಿಂದ ಬೇರೆಯೇ ಆದ ಆರ್ಮ್ ಕುಲದ್ದು. ಆರ್ಮ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪುಗಳೂ ಅಂಗಡಿಗೆ ಬಂದಿವೆ. ಇವುಗಳ ಮೇಲೆ ಎಕ್ಸ್‌ಪಿ ಓಡಬೇಕಾದರೆ ಕ್ಯೂಎಮುವಿನಂಥದ್ದು ಪ್ರತಿ ಆದೇಶವನ್ನೂ ಬದಲಿಸಿ ಬರೆಯಬೇಕು, ತುಂಬಾ ನಿಧಾನ. ಮಂಗಳೂರಿಗೆ ಲ್ಯಾಪ್‌ಟಾಪ್ ಕೊಳ್ಳಲು ಹೋಗುವವರು ಬಣ್ಣ, ತೂಕ ನೋಡುವ ಮೊದಲು ಒಳಗಿರುವುದು ಇಂಟೆಲ್ಲೋ ಎಎಂಡಿಯೋ ಆರ್ಮೋ ಎಂದು ಕೇಳುವುದು ಒಳ್ಳೆಯದು. ಹೊಸದರಲ್ಲಿ ಹಳೆಯ ಆಮಂತ್ರಣವೊಂದು ತೆರೆದು, ಒತ್ತಕ್ಷರ ಸಮೇತ ಸರಿಯಾಗಿ ಪ್ರಿಂಟಾಗುವ ತನಕ ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡಬಾರದು.