ಕಂಬಿ ಹಿಡಿದು ಜೋತಾಡುವ ಮುಸುಕುಧಾರಿಗಳು

ಆ ದೃಶ್ಯವನ್ನು ನೀವೂ ನೋಡಿರುತ್ತೀರಿ. ಮಕ್ಕಳ ಆಟದ ಮೈದಾನದಲ್ಲಿ ಜೋತಾಡಲು ಅಡ್ಡಕಂಬಿಗಳು ಇರುತ್ತವಲ್ಲ, ಅಂಥವನ್ನೇ ಹಿಡಿದು ಮುಸುಕುಧಾರಿಗಳು ಒಬ್ಬರ ಹಿಂದೊಬ್ಬರು ಸಾಗುತ್ತಾರೆ. ಇರುವುದು ಕೆಲವೇ ಸೆಕೆಂಡು. 2001ರ ನಂತರ ಜಗತ್ತಿನ ಯಾವ ಮೂಲೆಯಲ್ಲಿ ಉಗ್ರರ ಸುದ್ದಿ ಬಂದರೂ ಟಿವಿಯಲ್ಲಿ ಇದೇ ಓಡುತ್ತಿತ್ತು. ನಿರೂಪಕರು ಹೇಳುತ್ತಿರುವುದು ಯಾವುದೋ ಊರಿನ ಇವತ್ತಿನ ಸುದ್ದಿ. ಕಣ್ಣಿಗೆ ಕಾಣುತ್ತಿರುವುದು ಅಫ್ಘಾನಿಸ್ತಾನದ ಉಗ್ರರ ತರಬೇತಿ ಶಿಬಿರದ ಹಳೇ ಚಿತ್ರ. ಮೂಲೆಯಲ್ಲಿ ಸಣ್ಣಕ್ಷರದ 'ಸಂಗ್ರಹ ಚಿತ್ರ' ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಇದನ್ನು ಚಿತ್ರೀಕರಿಸಿದ್ದು ಯಾರು? ಅಲ್ ಖೈದಾದವರೇ. ಹೊಸ ಹುಡುಗರನ್ನು ಸೆಳೆಯಲು ಮಾಡಿದ ಪ್ರಚಾರದ ವಿಡಿಯೊ ಅದು. ಸರಳವಾಗಿ ಹೇಳಬೇಕೆಂದರೆ ಜಾಹೀರಾತು. ಟಿವಿಯವರು ಅದನ್ನು ಸಾಕ್ಷಿಯಂತೆ ತೋರಿಸಿದರು. ಅವರ ಕಷ್ಟವೂ ಇದೆ ಅನ್ನಿ. ಪತ್ರಿಕೆಗೆ ಬರೀ ಮಾತು ಸಾಕು, ಟಿವಿಗೆ ಚಿತ್ರ ಬೇಕೇ ಬೇಕು. ಗುಟ್ಟಾಗಿ ನಡೆಯುವ ಕೆಲಸದ ಚಿತ್ರ ಎಲ್ಲಿಂದ ತರುವುದು? ಮಾಡುವವರೇ ಕೊಟ್ಟದ್ದನ್ನು ಹಾಕಿಕೊಳ್ಳಬೇಕು.

ಈ ಕೊಡು-ಕೊಳ್ಳುವಿಕೆ ಹಳೆಯದು. 1970ರ ಸೆಪ್ಟೆಂಬರಿನಲ್ಲಿ ಪ್ಯಾಲೆಸ್ಟೀನಿನ ಪಿಎಫ್ಎಲ್‌ಪಿ ಸಂಘಟನೆ ವಿಮಾನಗಳನ್ನು ಅಪಹರಿಸಿ ಜೋರ್ಡಾನಿನ ಮರುಭೂಮಿಯಲ್ಲಿ ಇಳಿಸಿತು. ಅಲ್ಲಿಗೆ ಪತ್ರಕರ್ತರನ್ನು ಕರೆಸಿತು. ಕೊನೆಗೆ ಖಾಲಿ ವಿಮಾನಗಳನ್ನು ಕ್ಯಾಮೆರಾಗಳ ಮುಂದೆಯೇ ಸ್ಫೋಟಿಸಿತು. ಎರಡು ವರ್ಷಕ್ಕೆ ಮ್ಯೂನಿಕ್ ಒಲಿಂಪಿಕ್ಸ್. ಪೊಲೀಸರು ಕಟ್ಟಡ ಹತ್ತುವುದು ನೇರಪ್ರಸಾರವಾಗುತ್ತಿತ್ತು, ಕ್ರೀಡಾಪಟುಗಳನ್ನು ಒತ್ತೆ ಹಿಡಿದವರ ಕೋಣೆಯಲ್ಲೂ ಟಿವಿ ಇತ್ತು! 2008ರ ಮುಂಬೈ ದಾಳಿಯಲ್ಲೂ ಹಾಗೇ ಆಯಿತು. ದಾಳಿಕೋರರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದವರು ಟಿವಿ ನೋಡುತ್ತಾ ಕೂತಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳಿಗೆ ಖಾರವಾಗಿಯೇ ಹೇಳಿತು. 2015ರಲ್ಲಿ ಇಂಥ ಕಾರ್ಯಾಚರಣೆಯ ನೇರಪ್ರಸಾರಕ್ಕೆ ಭಾರತದಲ್ಲಿ ನಿಷೇಧ ಬಂತು.

ನಡುವೆ 1980ರಲ್ಲಿ ಅಮೆರಿಕದ ಸುದ್ದಿ ಚಾನೆಲ್ ಸಿಎನ್ಎನ್ ಶುರುವಾಗಿತ್ತು. ದಿನದ 24 ಗಂಟೆಯೂ ಸುದ್ದಿ. ಆದರೆ ಸುದ್ದಿ ಅಷ್ಟೊಂದು ಹುಟ್ಟುವುದಿಲ್ಲವಲ್ಲ? ಹಾಗಾಗಿ ಇದ್ದ ಚಿತ್ರವನ್ನೇ ತಿರುಗಿಸಿ ಮುರುಗಿಸಿ ಹಾಕುವುದು ರೂಢಿಯಾಯಿತು. ಪ್ರಚಾರವೇ ಉಗ್ರರಿಗೆ ಆಮ್ಲಜನಕ, ಅದನ್ನು ತಪ್ಪಿಸಬೇಕು ಎಂದು ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1985ರಲ್ಲೇ ಹೇಳಿದ್ದರು. ಅಲ್ ಖೈದಾದ ನಾಯಕ ಬಿನ್ ಲಾಡೆನ್‌ಗೂ ಇದು ಚೆನ್ನಾಗಿ ಗೊತ್ತಿತ್ತು. 1997ರಲ್ಲಿ ಸಿಎನ್ಎನ್‌ಗೆ, 1998ರಲ್ಲಿ ಅಮೆರಿಕದ ಇನ್ನೊಂದು ಚಾನೆಲ್ ಎಬಿಸಿಗೆ ಕರೆದು ಸಂದರ್ಶನ ಕೊಟ್ಟ.

2002ರ ಆಗಸ್ಟಿನಲ್ಲಿ ಸಿಎನ್ಎನ್‌ಗೆ ಅಲ್ ಖೈದಾದ 64 ಟೇಪುಗಳು ಸಿಕ್ಕವು. ಒಂದರಲ್ಲಿ ವಿಷಾನಿಲದಿಂದ ನಾಯಿ ಒದ್ದಾಡಿ ಸಾಯುವ ದೃಶ್ಯವಿತ್ತು. ಇದು ಕಂಬಿಯ ವಿಡಿಯೊದಂತೆ ಹೊರಗಿನವರಿಗೆ ಹಂಚಲು ಮಾಡಿದ್ದಲ್ಲ, ಸಂಘಟನೆಯೊಳಗೇ ಇದ್ದದ್ದು. ನಿಜವಾದ ಸುದ್ದಿ. ತೋರಿಸಿದ್ದು ತಪ್ಪು ಎಂದು ನನಗನಿಸುವುದಿಲ್ಲ. ಆದರೆ ಒಮ್ಮೆ ತೋರಿಸಿ ವಿವರಿಸುವುದು ಬೇರೆ, ಪದೇಪದೇ ಓಡಿಸುವುದು ಬೇರೆ.

2014ರ ಹೊತ್ತಿಗೆ ಐಸಿಸ್ ಎಂಬ ಉಗ್ರ ಸಂಘಟನೆ ಟಿವಿಯವರ ಕೆಲಸವನ್ನು ಇನ್ನೂ ಸುಲಭ ಮಾಡಿಕೊಟ್ಟಿತು. ಡ್ರೋನ್, ಎಡಿಟಿಂಗ್, ಸಂಗೀತ ಎಲ್ಲ ಸೇರಿಸಿದ ರೆಡಿಮೇಡ್ ಮಾಲು.

ಇದನ್ನೆಲ್ಲ ನೋಡುತ್ತಾ ಕೂತವರ ಕಥೆ? ಟಿವಿ ಜಾಸ್ತಿ ನೋಡುವವರಿಗೆ ಜಗತ್ತು ಇರುವುದಕ್ಕಿಂತ ಹೆಚ್ಚು ಕೆಟ್ಟದಾಗಿ ಕಾಣುತ್ತದೆ ಎಂದು ಜಾರ್ಜ್ ಗರ್ಬ್ನರ್ ಎಂಬ ಸಂಶೋಧಕ 1970ರ ದಶಕದಿಂದಲೇ ಹೇಳುತ್ತಿದ್ದರು. ಅಲ್ ಖೈದಾ ದಾಳಿ ನಡೆದ 2001ರ ಸೆಪ್ಟೆಂಬರ್ 11ರಂದು ಅಮೆರಿಕದ ವಯಸ್ಕರು ಸರಾಸರಿ 8 ಗಂಟೆ ಟಿವಿ ಮುಂದೆ ಕೂತಿದ್ದರು ಎಂದು ಆಗಿನ ಒಂದು ಸಮೀಕ್ಷೆ ತೋರಿಸಿತು. ನನಗೆ ಹೆಚ್ಚು ಅಚ್ಚರಿಯಾದದ್ದು 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ನಂತರದ ಅಧ್ಯಯನ. ಆ ವಾರ ದಿನಕ್ಕೆ 6 ಗಂಟೆಗಿಂತ ಹೆಚ್ಚು ಹೊತ್ತು ಸ್ಫೋಟದ ಸುದ್ದಿಯನ್ನೇ ನೋಡಿದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಿನ ಆಘಾತದ ಲಕ್ಷಣಗಳು ಕಂಡವು. ಭಯಪಡುವ ಸ್ವಭಾವದವರೇ ಹೆಚ್ಚು ನೋಡುತ್ತಾರೆ ಎಂಬ ವಾದವೂ ಇದೆ. ಎರಡೂ ಒಂದನ್ನೊಂದು ಬೆಳೆಸುತ್ತಿರಬಹುದು, ಅಲ್ವಾ?

ಇಷ್ಟಕ್ಕೂ ಆ ಶಿಬಿರಗಳಲ್ಲಿ ಏನು ಕಲಿಸುತ್ತಿದ್ದರು? 1996ರಿಂದ 2001ರವರೆಗೆ ಬಿನ್ ಲಾಡೆನ್ ಬೆಂಬಲದ ಶಿಬಿರಗಳಲ್ಲಿ 10,000ದಿಂದ 20,000 ಜನ ತರಬೇತಿ ಪಡೆದರು ಎಂದು ಆ ಸೆಪ್ಟೆಂಬರ್ 11ರ ದಾಳಿಯ ತನಿಖೆ ನಡೆಸಿದ ಅಮೆರಿಕದ 9/11 ಆಯೋಗ ಅಂದಾಜು ಮಾಡಿತು. ಅವರಲ್ಲಿ ಬಹಳಷ್ಟು ಜನ ಕಲಿತದ್ದು ಯುದ್ಧಭೂಮಿಯ ಮಾಮೂಲಿ ಕಾದಾಟ. ದೂರದೇಶದಲ್ಲಿ ದಾಳಿ ಮಾಡಲು ಆಯ್ಕೆಯಾದವರು ಬೆರಳೆಣಿಕೆಯಷ್ಟು ಮಂದಿ. ಸೆಪ್ಟೆಂಬರ್ 11ರ ವಿಮಾನಗಳನ್ನು ಅಪಹರಿಸಿದ್ದು 19 ಜನ. ಅವರಲ್ಲಿ ವಿಮಾನ ನಡೆಸಿದವರು ಆ ವಿದ್ಯೆ ಕಲಿತದ್ದು ಅಮೆರಿಕದ ತರಬೇತಿ ಶಾಲೆಗಳಲ್ಲಿ, ಫೀಸು ಕಟ್ಟಿ, ಸುಮ್ನೆ ಬೇರೆ ವಿದ್ಯಾರ್ಥಿಗಳ ಹಾಗೆ. ಅದನ್ನು ಚಿತ್ರೀಕರಿಸಿದ್ದರೂ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಆದರೆ ಅವರ ನಾಯಕ ಮೊಹಮ್ಮದ್ ಅಟ್ಟಾನ ಒಂದು ಚಿತ್ರವಿದೆ, ದಾಳಿಯ ದಿನದ್ದೇ. ಬೆಳಗಿನ 5.45ಕ್ಕೆ ಅಮೆರಿಕದ ಪೋರ್ಟ್‌ಲ್ಯಾಂಡ್ ವಿಮಾನ ನಿಲ್ದಾಣದಲ್ಲಿ ತಪಾಸಣೆ ದಾಟುವಾಗ ಕಾವಲು ಕ್ಯಾಮೆರಾದಲ್ಲಿ ಸೆರೆಯಾದದ್ದು. ಮೈಮೇಲೆ ಅಂಗಿ, ಭುಜಕ್ಕೊಂದು ಬ್ಯಾಗು. ಮುಖಕ್ಕೆ ಮುಸುಕಿಲ್ಲ.