‘ಅವಳೇ ಬೇಡ ಅಂದಳು’ ಎನ್ನುವ ಮುನ್ನ

ಮ್ಯಾನೇಜರ್ ಆಗಿರುವ ಹೆಣ್ಣುಮಗಳು ಬಡ್ತಿ ಬೇಡ, ವರ್ಗಾವಣೆ ಒಲ್ಲೆ ಅಂದರೆ ‘ಅದು ಅವಳದೇ ತೀರ್ಮಾನ’ ಎಂದು ಆಫೀಸು ಸುಮ್ಮನಾಗುತ್ತದೆ. ಈ ತೀರ್ಮಾನವನ್ನು ಬಹಳ ಕಾಲ ಅವಳ ಪರವಾಗಿ ಬೇರೆಯವರೇ ಮಾಡುತ್ತಿದ್ದರು. ಅದೂ ನಿಯಮ ಬರೆದಿಟ್ಟು.

ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ಕೆಲಸ ಬಿಡುತ್ತೇನೆ ಎಂದು ಸೇರುವಾಗಲೇ ಅವರು ಬರೆದುಕೊಡಬೇಕಾಯಿತು. ಸೇವಾ ನಿಯಮದಲ್ಲೂ ಇತ್ತು: ಮದುವೆಗೆ ಮುಂಚೆ ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಒಪ್ಪಿಗೆ ಪಡೆಯಬೇಕು. ಆಮೇಲೆ ಮನೆ, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಗಂಡಸರಿಗೆ ಇಂಥದ್ದೇನೂ ಇರಲಿಲ್ಲ. ಅವರಿಗೂ ಮನೆ, ಮಕ್ಕಳು ಇದ್ದರು, ಅಲ್ವಾ? ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಎತ್ತಿದ್ದೂ ಇದೇ ಪ್ರಶ್ನೆಯನ್ನು. ಕೇಸು ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತ್ತು.

ಖಾಸಗಿ ಕಂಪನಿಗಳೂ ಹಾಗೇ ಇದ್ದವು. 1974ರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಈಗಿನ ಸುಧಾ ಮೂರ್ತಿ, ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಕಂಪನಿಯ ಕೆಲಸದ ಜಾಹೀರಾತು ನೋಡಿದರು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿತ್ತು. ಜೆ.ಆರ್.ಡಿ. ಟಾಟಾ ಅವರಿಗೆ ನೇರವಾಗಿ ಪೋಸ್ಟ್ ಕಾರ್ಡ್ ಬರೆದರು, ಕೆಲಸವೂ ಸಿಕ್ಕಿತು. ಕಾರ್ಡು ಬರೆಯದೆ ಜಾಹೀರಾತು ಮಡಚಿಟ್ಟವರು ಎಷ್ಟು ಮಂದಿಯೋ!

ಇಂಥ ಸಾಲುಗಳನ್ನು ಈಗ ಯಾರೂ ಅಚ್ಚು ಹಾಕುವುದಿಲ್ಲ. ಆದರೆ ‘ಮದುವೆ ಪ್ಲಾನ್ ಇದೆಯಾ?’ ಎಂಬ ಪ್ರಶ್ನೆ ಇಂಟರ್‌ವ್ಯೂನಲ್ಲಿ ಇವತ್ತಿಗೂ ಹೆಣ್ಣಿಗೇ ಬರುತ್ತದೆ. ಫ್ಯಾಕ್ಟರಿ, ಸೇಲ್ಸ್ ಅಂದರೆ ಓಡಾಟ ಜಾಸ್ತಿ, ಎಚ್‌ಆರ್ ಆದರೆ ಮನೆಗೂ ಅನುಕೂಲ ಎಂಬ ಬುದ್ಧಿವಾದ ಎಂಬಿಎ ಓದುವಾಗಲೇ ಶುರು. ಕೇಳಿ ಕೇಳಿ ಅವಳೂ ಮೊದಲೇ ಲೆಕ್ಕ ಹಾಕಿಬಿಡುತ್ತಾಳೆ. ಕಂಪನಿಯ ಚುಕ್ಕಾಣಿ ಮಾತ್ರ ಸಾಮಾನ್ಯವಾಗಿ ಫ್ಯಾಕ್ಟರಿ, ಸೇಲ್ಸ್, ಹಣಕಾಸು ನೋಡಿಕೊಂಡವರ ಕೈಗೆ ಹೋಗುತ್ತದೆ. ಇದನ್ನು ಅವಳ ಆಯ್ಕೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

2013ರ ಕಂಪನಿ ಕಾಯ್ದೆ, ಷೇರುಪೇಟೆಯಲ್ಲಿರುವ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಎಂದಿತು. ಒಳ್ಳೆಯದೇ. ಆದರೆ ಹೆಂಗಸರು ಕೆಲಸ ಬಿಡುವುದು ಮಂಡಳಿಗೆ ಹತ್ತುವ ಎಷ್ಟೋ ಮೊದಲು, ಮಕ್ಕಳು ಚಿಕ್ಕವರಿರುವಾಗ. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಕಡೆ ಶಿಶುವಿಹಾರವೂ ಕಡ್ಡಾಯವಾಯಿತು. ಅಪ್ಪನ ಮಾತು ಬಂದಾಗ ಮಾತ್ರ ಕಾನೂನು ಕೈ ಬಿಗಿ ಹಿಡಿಯಿತು. ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ ರಜೆ ಸಿಗುತ್ತದೆ. ಖಾಸಗಿ ಕಂಪನಿಯವನಾದರೆ ಕೊಡಲೇಬೇಕು ಎನ್ನುವ ಕಾನೂನೇ ಇಲ್ಲ.